ಮಾವನಿಗೆ ಹಾಡಿದ ಅಳುಹಾಡು

ನಮ್ಮ ಹಿಮಬೆಟ್ಟಗಳ ನಾಡಿನಲ್ಲಿ ಸತ್ತವರನ್ನು ಸುಮ್ಮನೆ ಅತ್ತು ಕಳಿಸುವಂತಿಲ್ಲ, ಹಾಡಿ ಅಳಬೇಕು. ಅಂಗಳದಲ್ಲಿ ಕಂಬಳಿಯ ಗುಡಾರ ಹೂಡಿ, ಒಳಗೆ ತೆರೆಯ ಹಿಂದೆ ಹೆಣ ಮಲಗಿಸಿ, ಹೆಂಗಸರು ಗೋಡೆಗೆ ಮುಖ ಮಾಡಿ ಸಾಲಾಗಿ ಕೂತು ಹೋದವರ ಬಾಳನ್ನೆಲ್ಲ ಹಾಡಬೇಕು. ಹೊರಗೆ ಕೋಲೂರಿ ನಿಂತ ಗಂಡಸರು ಒಂದೊಂದು ಪದವನ್ನೂ ತೂಗಿ ನೋಡುತ್ತಾರೆ. ಸೊಸೆಗೆ ಹಾಡಲು ಬಾರದಿದ್ದರೆ ಮೂರು ಊರಿನ ಬಾಯಿಗೆ ಬಿದ್ದಳೆಂದೇ ಲೆಕ್ಕ.

ನನಗೆ ಹಾಡು ಬರುತ್ತದೆ. ತೊಂದರೆ ಅದಲ್ಲ. ಮಾವ ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದರು.

ಹೋದ ವರ್ಷ ಆಲೂಗಡ್ಡೆ ಅಗೆಯುವಾಗ ಅಂದರು, "ಝೀಪಾರ್, ನನ್ನ ಅಳುಹಾಡಲ್ಲಿ ಯುದ್ಧ ತಂದು ಹೊಗಳಬೇಡಮ್ಮ."

"ಯಾಕೆ ಮಾವ? ಪದಕ ಪೆಟ್ಟಿಗೇಲಿ ಕೊಳೀತಿದೆ, ಹಾಡಲ್ಲಾದ್ರೂ ಹೊಳೀಲಿ ಬಿಡಿ" ಎಂದೆ.

ಅವರು ನಗಲಿಲ್ಲ. ಸಿಪಾಯಿಯಾಗಿದ್ದಾಗ ಬೆಟ್ಟದಾಚೆ ಅಫ್ಘಾನಿಸ್ತಾನದ ಯಾವುದೋ ಹಳ್ಳಿಯಲ್ಲಿ, ಬಾಗಿಲ ಹಿಂದೆ ಸದ್ದಾಯಿತೆಂದು ಗುಂಡು ಹಾರಿಸಿದ್ದರಂತೆ. ಬಾಗಿಲ ಹಿಂದೆ ಇದ್ದವನ ಕೈಯಲ್ಲಿ ಬಂದೂಕಿರಲಿಲ್ಲ, ಹಿಟ್ಟಿತ್ತು. "ಅವನ ತಾಯಿ ಅತ್ತದ್ದು ಇನ್ನೂ ಕೇಳುತ್ತೆ. ಅದರ ಮೇಲೆ ನನ್ನ ಹೊಗಳಿ ಹಾಡಬೇಡ."

ಮನೆಯಲ್ಲಿ ಬೇರೆ ಯಾರಿಗೂ ಇದು ಗೊತ್ತಿರಲಿಲ್ಲ, ನನ್ನ ಗಂಡನಿಗೂ.

ಹಾಗಾಗಿ ಮಾವ ತೀರಿಕೊಂಡಾಗ ನಾನು ಅವರ ಮನೆಬಾಳನ್ನೇ ಹಾಡಿದೆ. ಹೆಂಡತಿ ತೀರಿಕೊಂಡ ವರ್ಷ, ಮೂರೇ ಬೆರಳು ಉಳಿದ ಬಲಗೈಯಲ್ಲಿ ಎರಡು ಹೆಣ್ಣುಮಕ್ಕಳಿಗೆ ಜಡೆ ಹಾಕಲು ಕಲಿತದ್ದು. ರೊಟ್ಟಿ ಸೀದಾಗಲೆಲ್ಲ ಸೀದದ್ದನ್ನು ತಾವೇ ತಿಂದದ್ದು. ಮಕ್ಕಳು ಹೆದರಿಯಾರೆಂದು ವೋಡ್ಕಾ ಮುಟ್ಟದೇ ಇದ್ದದ್ದು. ಹಿಮದಲ್ಲಿ ಮಗನನ್ನು ಹೊತ್ತು ಕಣಿವೆ ದಾಟಿ ಆಸ್ಪತ್ರೆಗೆ ನಡೆದದ್ದು. ಆ ಮಗನೇ ನನ್ನ ಗಂಡ. ಅಲ್ಲಿಗೆ ಬಂದಾಗ ಹಾಡು ಹೋಗಿ ನಿಜವಾದ ಅಳುವೇ ಬಂತು. ನನ್ನ ಹೆತ್ತಪ್ಪನಿಗೂ ನಾನು ಅಷ್ಟು ಅತ್ತಿರಲಿಲ್ಲ.

ಪಕ್ಕದಲ್ಲಿದ್ದ ಸೈರಾಕಾನ್ ಅತ್ತೆ, ಮಾವನ ತಂಗಿ, ನನ್ನ ತೊಡೆ ಚಿವುಟಿದಳು. "ಯುದ್ಧ ಎಲ್ಲೇ? ಹುಲಿಯಂಥ ನನ್ನಣ್ಣನ್ನ ಅಡುಗೆಭಟ್ಟ ಮಾಡಿಬಿಟ್ಟೆಯಲ್ಲ."

"ಅತ್ತೆ, ಬೇಡ."

"ಹೊರಗೆ ಅವನ ಪಲ್ಟನ್‌ನವರು ನಿಂತಿದಾರೆ. ನಿಂಗೆ ಬಾಯಿ ಬರದಿದ್ರೆ ಸುಮ್ನಿರು, ನಾನು ಹಾಡ್ತೀನಿ."

ಅತ್ತೆಯ ಗಂಟಲು ದೊಡ್ಡದು. ಹಾಡಿದರೆ ನದಿಯಾಚೆಯ ಕುದುರೆಗಳೂ ಕಿವಿ ನಿಮಿರಿಸುತ್ತವೆ. ಅವಳು ಉಸಿರೆಳೆದುಕೊಂಡಾಗ ನಾನು ಅವಳ ಮಣಿಕಟ್ಟು ಹಿಡಿದೆ. ಸಿಟ್ಟೂ ಬಂದಿತ್ತು, ಭಯವೂ ಆಗಿತ್ತು. ಮಾವನಿಗೆ ಕೊಟ್ಟ ಮಾತು ಉಳಿಸಲು ಅವರ ಗುಟ್ಟು ಬಿಡಲೇಬೇಕಾಯಿತು. ಎಲ್ಲವನ್ನೂ ಅವಳ ಕಿವಿಯಲ್ಲಿ ಹೇಳಿದೆ.

ಗುಡಾರ ಸುಮ್ಮನಾಯಿತು. ಹೆಣದ ಮುಂದೆ ಹಾಡು ನಿಲ್ಲುವುದು ಅವಮಾನ. ಹೊರಗೆ ಯಾರೋ ಕೆಮ್ಮಿದರು. ಅತ್ತೆ ತೆರೆಯ ಹಿಂದಿದ್ದ ಅಣ್ಣನ ಕಡೆ ಒಮ್ಮೆ ತಿರುಗಿ ನೋಡಿದಳು. ಹೇಳಬಾರದಿತ್ತೇನೋ ಎನಿಸಿತು ನನಗೆ.

ಆಮೇಲೆ ಅವಳು ಹಾಡಿದಳು, ನಾನೆಂದೂ ಕೇಳದ ಸಣ್ಣ ದನಿಯಲ್ಲಿ:

"ಬೆಟ್ಟದಾಚೆಯ ತಾಯೇ, ನಿನ್ನ ಹೆಸರರಿಯೆ.
ನಿನ್ನ ಮಗನಿದ್ದಲ್ಲಿಗೇ ನನ್ನಣ್ಣ ಹೊರಟ.
ಬೈಯಬೇಡವೆನ್ನಲು ನಾನ್ಯಾರು?
ಬಾ, ನಮ್ಮ ಜೊತೆ ಕೂತು ಅಳು."

ಮಾವ ಬೇಡವೆಂದದ್ದು ಹೊಗಳಿಕೆಯನ್ನು. ಇದು ಹೊಗಳಿಕೆಯಾಗಿರಲಿಲ್ಲ. ನಾನೂ ದನಿಗೂಡಿಸಿದೆ. ಹಾಡುತ್ತಲೇ ಅತ್ತೆಯ ಪಕ್ಕದಿಂದ ಒಂದಿಷ್ಟು ಸರಿದು ಕೂತೆ, ಇನ್ನೊಬ್ಬರು ಕೂರುವಷ್ಟು.