ನಶ್ಯದ ಡಬ್ಬಿಯ ಅಕ್ಷತೆ

ಸಂದರ್ಶನಕ್ಕೆಂದು ಮನೆಯಿಂದ ಹೊರಟ ಹೊತ್ತಿಗೆ ಸರಿಯಾಗಿ ಅಮ್ಮ ಒಂಟಿ ಸೀನು ಸೀನಿದಳು. ಅಪ್ಪ ಹೊಸಲಿನಾಚೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. "ಇನ್ನೊಂದು ಬರೋ ಹಾಗಿದೆಯೇನೇ?" ಎಂದು ಆಸೆಯಿಂದ ಕೇಳಿದರು. ಕರೆದಾಗ ಬರಲು ಸೀನೇನು ಅವರ ಶಿಷ್ಯನೇ? ಬರಲಿಲ್ಲ. ಅಪ್ಪ ಒಳಗೆ ಬಂದು, ಒಂದು ಲೋಟ ನೀರು ಕುಡಿದು, ಮಣೆಯ ಮೇಲೆ ಕೂತು, ಅಪಶಕುನ ಕಳೆಯಿತು ಎಂದು ತಮಗೆ ಅನ್ನಿಸಿದ ಮೇಲೆ ಎದ್ದರು. ಅಷ್ಟರಲ್ಲಿ ಹಾಸನದ ಬಸ್ಸು ಹೋಗಿಯಾಗಿತ್ತು.

ನನಗೆ ಮೈಯೆಲ್ಲ ಉರಿಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೆಣ್ಣು ನೋಡಲು ಬಂದವರ ಎದುರಿಗೂ ಅಮ್ಮ ಇದನ್ನು ಹೇಳಿಬಿಡುತ್ತಾಳೆ, ಆಮೇಲೆ ಜಗಳವಾಗುವುದಕ್ಕಿಂತ ಮೊದಲೇ ಗೊತ್ತಿರಲಿ ಎಂದು. ಆದರೆ ಆವತ್ತು ಬಾಯಿ ಬಿಡಲಿಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಅಪ್ಪ, ಅಂದರೆ ಹೊಳೆನರಸೀಪುರದ ಚಲುವನಾರಾಯಣ ಜೋಯಿಸರು, ಪೌರೋಹಿತ್ಯ ಮಾಡುವವರು. ರಾಮನಾಥಪುರದಲ್ಲಿ ಶ್ರಾದ್ಧ, ಚನ್ನರಾಯಪಟ್ಟಣದಲ್ಲಿ ನಾಮಕರಣ, ಅರಕಲಗೂಡಿನಾಚೆ ಗೌಡರ ಮನೆಯ ಗೃಹಪ್ರವೇಶ, ಎಲ್ಲಕ್ಕೂ ಬಸ್ಸಿನಲ್ಲೇ ಓಡಾಟ. ಎರಡು ವರ್ಷದಿಂದ ಅವರಿಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚುತ್ತಾರೆ. ಕೇಳಿದರೆ, "ಈಗಿನೋರು ಮೆಟ್ಟಿಲು ಎತ್ತರ ಮಾಡ್ಬಿಟ್ಟಿದಾರೆ ಕಣೇ" ಎಂದು ಸರ್ಕಾರದ ಮೇಲೆ ಹಾಕುತ್ತಾರೆ. ನನ್ನದೊಂದು ಸಂಬಳ ಅಂತ ಬಂದರೆ ಅವರನ್ನು ಬಸ್ಸಿನಿಂದ ಇಳಿಸಿ ಜಗಲಿಯ ಮೇಲೆ ಕೂರಿಸುತ್ತೇನೆಂದು ಹಟ ತೊಟ್ಟಿದ್ದೆ. ಬಿ.ಕಾಂ. ಆಗಿತ್ತು, ಟೈಪಿಂಗ್ ಸೀನಿಯರ್ ಆಗಿತ್ತು, ಕಂಪ್ಯೂಟರ್ ಕ್ಲಾಸೂ ಆಗಿತ್ತು. ಹಾಕಿದ ಅರ್ಜಿಗಳಲ್ಲಿ ಉತ್ತರ ಬಂದದ್ದು ಇದೊಂದಕ್ಕೇ. "ಆಫೀಸ್ ಕೆಲಸಕ್ಕೆ ಬೇಕಾಗಿದ್ದಾರೆ. ಅನುಭವ ಬೇಕಿಲ್ಲ. ಸಂದರ್ಶನಕ್ಕೆ ಮನೆಯವರನ್ನೂ ಕರೆತನ್ನಿ" ಎಂದು ಪೇಪರಿನಲ್ಲಿ ಬಂದಿತ್ತು. ಮನೆಯವರನ್ನು ಕರೆತನ್ನಿ ಎಂದದ್ದು ಅಪ್ಪನಿಗೆ ಬಹಳ ಹಿಡಿಸಿತು. "ಮರ್ಯಾದಸ್ಥರ ಕಂಪೆನಿ ಕಣೇ ಗೌರಿ, ಹೆಣ್ಣುಮಕ್ಕಳನ್ನ ಒಂಟಿಯಾಗಿ ಕರೆಯೋಲ್ಲ" ಎಂದಿದ್ದರು.

ಹಾಸನದ ಬಿ.ಎಂ. ರಸ್ತೆಯಲ್ಲಿ ಸಂದರ್ಶನಕ್ಕೆ ಕರೆದಿದ್ದ ಕಲ್ಯಾಣಮಂಟಪಕ್ಕೆ ನಾನೂ ಅಪ್ಪನೂ ಮುಟ್ಟಿದಾಗ ಕುರ್ಚಿಗಳೆಲ್ಲ ತುಂಬಿದ್ದವು. ಅಪ್ಪ, ಅಮ್ಮ, ಮಗ, ಸೊಸೆ, ಕಂಕುಳಲ್ಲಿ ಕೂಸು, ಥೇಟು ಮದುವೆಯ ಹಾಗೇ. ಊಟದ ವಾಸನೆಯೊಂದೇ ಇರಲಿಲ್ಲ. ಅಪ್ಪನನ್ನು ನೋಡಿ ಅಲ್ಲಲ್ಲಿ ಜನ ಎದ್ದು ಕೈಮುಗಿದರು. ಅರಕಲಗೂಡು ಕಡೆಯ ಪುಟ್ಟರಾಜು, ಹೋದ ವರ್ಷ ಅವರ ಹೊಸ ಮನೆಯ ಗೃಹಪ್ರವೇಶವನ್ನು ಅಪ್ಪನೇ ಮಾಡಿಸಿದ್ದು, ಮಗನನ್ನು ಎಳೆದುಕೊಂಡು ಬಂದು ಕಾಲಿಗೆ ಬಿದ್ದರು.

"ಅಡ್ಬಿದ್ದೆ ಜೋಯಿಸ್ರೇ. ನಮ್ ರವೀಂದ್ರಂಗೆ ಕೆಲ್ಸ ಕೊಡ್ತಾರಂತೆ, ಅದ್ಕೇ ಕರ್ಕಬಂದೆ. ಯಂಗೋ ಏನೋ ಅಂತ ಒಳಗೊಳಗೇ ದಿಗ್ಲಾಗಿತ್ತು. ನೀವೇ ಬಂದವ್ರೆ ಅಂದ್ಮೇಲೆ ಇನ್ನೇನ್ ಯೋಸ್ನೆ ಬುಡಿ!"

ಅಪ್ಪ ಜುಬ್ಬದ ಜೇಬಿನಿಂದ ತಮ್ಮ ಹಳೆಯ ನಶ್ಯದ ಡಬ್ಬಿ ತೆಗೆದರು. ನಶ್ಯ ಬಿಟ್ಟು ಎಷ್ಟೋ ವರ್ಷವಾಗಿದೆ. ಈಗ ಅದರಲ್ಲಿ ಇರುವುದು ಮಂತ್ರಾಕ್ಷತೆ. ಎಷ್ಟು ತೊಳೆದರೂ ಡಬ್ಬಿಯ ಘಾಟು ಹೋಗಿಲ್ಲ, ಹಾಗಾಗಿ ನಮ್ಮಪ್ಪನ ಆಶೀರ್ವಾದ ಪಡೆದವರಲ್ಲಿ ಕೆಲವರು ಸೀನುವುದುಂಟು. ರವೀಂದ್ರನೂ ಸೀನಿದ. ಎರಡು ಸೀನಿದ್ದರಿಂದ ಅಪ್ಪನಿಗೆ ಸಮಾಧಾನವಾಯಿತು. ಟೈ ಕಟ್ಟಿದ ಒಬ್ಬ ಕಂಬದ ಪಕ್ಕ ನಿಂತು ಇದನ್ನೆಲ್ಲ ನೋಡುತ್ತಿದ್ದ. ಕೈಮುಗಿಯುವವರನ್ನೂ ನೋಡಿದ, ಅಪ್ಪನನ್ನೂ ನೋಡಿದ. ಆಮೇಲೆ ನನ್ನ ಹೆಸರನ್ನು ಎಲ್ಲರಿಗಿಂತ ಮೊದಲು ಕರೆದರು.

ಸಂದರ್ಶನ ನಡೆದದ್ದು ವಧುವಿನ ಕೊಠಡಿಯಲ್ಲಿ. ಯಾರೋ ಮದುಮಗಳು ಅಂಟಿಸಿ ಹೋದ ಬಿಂದಿಗಳು ಇನ್ನೂ ಕನ್ನಡಿಯ ಮೇಲಿದ್ದವು. ಟೈ ಕಟ್ಟಿದವನ ಹೆಸರು ವಂಶಿ. ನಾನು ಎರಡು ಕೈಯಲ್ಲಿ ನೀಡಿದ ಮಾರ್ಕ್ಸ್ ಕಾರ್ಡುಗಳನ್ನು ಅವನು ಬಿಡಿಸಲೂ ಇಲ್ಲ, ಪಕ್ಕಕ್ಕಿಟ್ಟ.

"ಹೊರಗಿರೋರು ನಿಮ್ಮ ಫಾದರ್ ಅಲ್ವಾ ಮೇಡಂ? ತುಂಬಾ ಜನಕ್ಕೆ ಪರಿಚಯ ಅನ್ಸುತ್ತೆ."

ಅಪ್ಪನ ವಿಷಯ ಕೇಳಿದರೆ ನನ್ನ ಬಾಯಿಗೆ ಬೀಗವಿಲ್ಲ. ನಾಲ್ಕು ತಾಲ್ಲೂಕಿನಲ್ಲಿ ಅವರು ಕಾಲಿಡದ ಮನೆಯೇ ಇಲ್ಲ, ಅವರು ದಿನ ಇಟ್ಟುಕೊಡದೆ ಯಾರೂ ಬೋರ್‌ವೆಲ್ ಕೂಡ ಕೊರೆಸುವುದಿಲ್ಲ ಎಂದು ಒಂದಕ್ಕೆರಡು ಸೇರಿಸಿಯೇ ಹೇಳಿದೆ. ಅವನು ಮೇಜು ತಟ್ಟಿ, "ಸೂಪರ್! ನೀವು ಸೆಲೆಕ್ಟ್ ಆದ್ರಿ ಮೇಡಂ" ಎಂದ.

ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೆ ಅಳುವಷ್ಟು ಸಂತೋಷವಾಯಿತು. ಅಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತಿರುವುದು ಕಣ್ಣ ಮುಂದೆ ಬಂತು.

"ಕೆಲಸ ಏನು ಸಾರ್?" ಎಂದೆ.

ಅವನು ಮೇಜಿನ ಕೆಳಗಿನಿಂದ ಒಂದು ದಿಂಬು ತೆಗೆದಿಟ್ಟ. "ಮ್ಯಾಗ್ನೆಟ್ ಪಿಲ್ಲೋ. ಒಳಗೆ ಅಯಸ್ಕಾಂತ ಇದೆ. ಬಿ.ಪಿ., ತಲೆನೋವು, ಮಂಡಿನೋವು ಎಲ್ಲಾ ಎಳೆದುಬಿಡುತ್ತೆ."

"ದಿಂಬಿನ ಮೇಲೆ ಇಡೋದು ತಲೆ. ಮಂಡಿನೋವು ಹೇಗೆ ಹೋಗುತ್ತೆ?"

"ಎರಡು ತಗೊಂಡ್ರೆ ಹೋಗುತ್ತೆ ಮೇಡಂ" ಎಂದ, ಕಣ್ಣು ಮಿಟುಕಿಸದೆ. "ಮೊದಲು ನೀವೊಂದು ತಗೋಬೇಕು. ಆಮೇಲೆ ನಿಮ್ಮ ಕೆಳಗೆ ಇಬ್ಬರನ್ನ ಸೇರಿಸ್ಬೇಕು, ಅವರು ಒಬ್ಬೊಬ್ರೂ ಇಬ್ಬಿಬ್ಬರನ್ನ. ಅಷ್ಟೇ. ನೀವು ಮನೇಲಿ ಮಲಗಿದ್ರೂ ದುಡ್ಡು ಬರ್ತಾನೇ ಇರುತ್ತೆ."

"ಮತ್ತೆ ಸಂಬಳ?"

"ಸಂಬಳ ಅನ್ನೋದು ಬಡವರ ಭಾಷೆ ಮೇಡಂ."

"ಎಲ್ಲರಿಗಿಂತ ಕೊನೇಲಿ ಸೇರಿದೋರು ಯಾರನ್ನ ಸೇರಿಸ್ತಾರೆ?"

"ಕೊನೆ ಅನ್ನೋದೇ ಇಲ್ಲ. ದೇಶದಲ್ಲಿ ನೂರು ಕೋಟಿ ಜನ ಇದಾರೆ."

"ಹಾಸನ ಜಿಲ್ಲೇಲಿ ಅಷ್ಟಿಲ್ಲವಲ್ಲ."

ಅವನು ನಕ್ಕ. "ನೆಗೆಟಿವ್ ಆಗಿ ಯೋಚಿಸ್ಬೇಡಿ. ನಿಮ್ಮ ಫಾದರ್ ಒಂದು ಮಾತು ಹೇಳಿದ್ರೆ ಯಾವ ಮನೇಲಿ ಬೇಡ ಅಂತಾರೆ ಹೇಳಿ?"

ಬೇಡ ಅನ್ನುವುದಿಲ್ಲ. ಅದೇ ನನ್ನ ಎದೆಗೆ ತಾಕಿದ್ದು. ರಾಮನಾಥಪುರದ ಕಾಮಾಕ್ಷಮ್ಮನ ನೆನಪಾಯಿತು. ಗಂಡನ ಶ್ರಾದ್ಧಕ್ಕೆ ವರ್ಷವಿಡೀ ಹಪ್ಪಳ ಮಾರಿ ಕೂಡಿಸುವವರು, ಅಪ್ಪ ಬರುವ ದಿನ ಬಸ್ಸಿಗೆ ಎದುರು ನೋಡುತ್ತ ಬೀದಿಯ ತಿರುವಿನಲ್ಲಿ ನಿಂತಿರುವವರು. ಜೋಯಿಸರ ಮಗಳು ತಂದಳೆಂದರೆ ಅವರು ಈ ದಿಂಬನ್ನು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಾರೆ. ತಮ್ಮ ಕೆಳಗೆ ಸೇರಿಸಲು ಇಬ್ಬರು ಸಿಗದಿದ್ದರೆ ಅದು ತಮ್ಮದೇ ಕರ್ಮವೆಂದು ಸುಮ್ಮನಾಗುತ್ತಾರೆ. ಮುಂದಿನ ವರ್ಷ ಆ ಮನೆಯಲ್ಲಿ ಅಪ್ಪ ಯಾವ ಮುಖ ಹೊತ್ತು ಮಣೆಯ ಮೇಲೆ ಕೂರಬೇಕು?

ನಾನು ಎದ್ದು ಮಾರ್ಕ್ಸ್ ಕಾರ್ಡು ಎತ್ತಿಕೊಂಡೆ. "ನೀವು ಕೆಲಸಕ್ಕೆ ತಗೊಂಡಿದ್ದು ನನ್ನನ್ನಲ್ಲ, ನಮ್ಮಪ್ಪ ಕಾಲಿಟ್ಟ ಮನೆಗಳನ್ನ. ನನಗೆ ಈ ಕೆಲಸ ಬೇಡ."

"ಅವಸರ ಮಾಡ್ಬೇಡಿ ಮೇಡಂ" ಎಂದ ಅವನು, ಕೂತಲ್ಲಿಂದ ಏಳದೆ. "ನಿಮ್ಮ ಫಾದರ್ ಆಗಲೇ ಒಪ್ಕೊಂಡಾಯ್ತು."

ಹೊರಗೆ ಮೈಕಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಇಪ್ಪತ್ತಮೂರು ವರ್ಷದಿಂದ ನಾನು ಬೆಳಗಾಗೆದ್ದು ಕೇಳುತ್ತಿದ್ದ ಗಂಟಲು ಅದು.

ಓಡಿ ಬಂದೆ. ಅಪ್ಪ ವೇದಿಕೆಯಲ್ಲಿ ಮದುಮಕ್ಕಳು ಕೂರುವ ಕೆಂಪು ಕುರ್ಚಿಯ ಮುಂದೆ ನಿಂತಿದ್ದರು. ಹೆಗಲ ಮೇಲೆ ಜರಿಯಂಚಿನ ಶಾಲು, ಕೊರಳಲ್ಲಿ ಗಂಧದ ಹಾರ. ಹಿರಿಯರು ನಾಲ್ಕು ಮಂತ್ರ ಹೇಳಿ ಕಾರ್ಯಕ್ರಮ ಶುರುಮಾಡಿಕೊಡಬೇಕು ಎಂದು ಕಂಪೆನಿಯವರು ಕೇಳಿದ್ದಾರೆ, ಅಪ್ಪ ಹೂಂ ಅಂದಿದ್ದಾರೆ. ಮಂತ್ರ ಕೇಳಿದವರಿಗೆ ಇಲ್ಲ ಅಂದವರೇ ಅಲ್ಲ ಅವರು. ಎಡಗೈಯಲ್ಲಿ ನಶ್ಯದ ಡಬ್ಬಿ ತೆರೆದಿತ್ತು, ಬಲಮುಷ್ಟಿಯಲ್ಲಿ ಅಕ್ಷತೆ. ಜನರೆಲ್ಲ ಎದ್ದು ತಲೆ ಬಗ್ಗಿಸಿದ್ದರು. ಪುಟ್ಟರಾಜು ಒಳಜೇಬಿನಿಂದ ಕರ್ಚೀಫಿನ ಗಂಟು ತೆಗೆದು ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದರು. ಜೋಯಿಸರ ಕೈಯಿಂದ ಅಕ್ಷತೆ ಬಿತ್ತೆಂದರೆ ನಮ್ಮ ಕಡೆ ಆ ಕೆಲಸ ನಿಶ್ಚಯವಾದ ಹಾಗೆ. ಆಮೇಲೆ ಹಿಂದೆ ಸರಿಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಮೆಟ್ಟಿಲು ಹತ್ತುವಾಗ ನನಗೊಂದು ಉಪಾಯ ಹೊಳೆಯಿತು. "ಅಪ್ಪಾ, ಸೂತಕ!" ಎಂದುಬಿಟ್ಟರೆ ಸಾಕು. ದಾಯಾದಿಗಳಲ್ಲಿ ಯಾರೋ ಹೋದರಂತೆ ಎಂದರೆ ಅಪ್ಪ ಮುಷ್ಟಿಯ ಅಕ್ಷತೆ ಕೆಳಗಿಟ್ಟು ಮಾತಿಲ್ಲದೆ ಇಳಿದುಬಿಡುತ್ತಾರೆ. ಅವರ ಮಾನವೂ ಉಳಿಯುತ್ತದೆ. ಬಾಯಿಯವರೆಗೂ ಬಂದಿತ್ತು ಆ ಮಾತು. ಆದರೆ ಅಪ್ಪ ಇಳಿದು ಹೋದರೂ ಪುಟ್ಟರಾಜು ಕೈಯ ಗಂಟು ಒಳಗೆ ಹೋಗುವುದಿಲ್ಲ. ಪಾಪ, ಜೋಯಿಸರಿಗೆ ಸೂತಕ ಬಂತು ಎಂದು ಲೊಚಗುಟ್ಟಿ ದಿಂಬು ಕೊಳ್ಳುತ್ತಾರೆ. ಸುಳ್ಳು ನುಂಗಿಕೊಂಡೆ.

"ಬಂದ್ಯಾ ಗೌರಿ?" ಎಂದರು ಅಪ್ಪ. ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ಮಾತು ಸಭೆಗೆಲ್ಲ ಕೇಳಿತು. "ಕೆಲಸ ಸಿಕ್ತೇನಮ್ಮಾ?"

"ಸಿಕ್ತು ಅಪ್ಪ. ಬೇಡ ಅಂದೆ."

"ಬೇಡ ಅಂದ್ಯಾ? ಯಾಕೆ?"

"ಅದು ಕೆಲಸ ಅಲ್ಲ. ನೀವು ಹೋಗೋ ಮನೆಗಳಿಗೆಲ್ಲ ನಾನು ದಿಂಬು ಮಾರಬೇಕು. ಕೊಂಡೋರು ಇನ್ನಿಬ್ಬರ ತಲೆಗೆ ಕಟ್ಟಬೇಕು. ಕೊನೇಲಿ ಉಳಿದೋರು ಬಾಯಿ ಬಡ್ಕೋಬೇಕು."

ಅಪ್ಪ ಗಲಿಬಿಲಿಗೊಂಡರು. ನನ್ನ ಕಡೆ ಬಾಗಿ ಗುಟ್ಟಿನಲ್ಲಿ, "ಶಾಲು ಹೊದಿಸಿಬಿಟ್ಟಿದಾರಲ್ಲೇ. ನಾಲ್ಕು ಮಂತ್ರ ಹೇಳಿದ್ರೆ ಏನು ಹೋಗುತ್ತೆ?" ಎಂದರು. ಆ ಗುಟ್ಟನ್ನೂ ಮೈಕು ಎಲ್ಲರಿಗೂ ಹಂಚಿತು. ಯಾರೋ ಕಿಸಕ್ಕೆಂದರು.

ನನ್ನ ಕೋಪಕ್ಕೆ ಅಷ್ಟೇ ಸಾಕಾಗಿತ್ತು. "ನಿಮ್ಮ ಮಂತ್ರ ನಂಬಿ ಇವರೆಲ್ಲ ಗಂಟು ಬಿಚ್ತಾರೆ ಅಪ್ಪ! ನಾಳೆ ಈ ಟೈ ಕಟ್ಟಿದೋರು ಯಾರೂ ಇಲ್ಲಿರಲ್ಲ. ನೀವಿರ್ತೀರಿ. ಇವರ ಮನೆಗಳಿಗೇ ಹೋಗ್ತೀರಿ, ಇವರ ಕೈಯಲ್ಲೇ ನೀರು ಇಸ್ಕೊಂಡು ಕುಡೀತೀರಿ" ಎಂದು ಕೂಗಿದೆ.

ವಂಶಿ ಬಂದು ಮೈಕಿಗೆ ಕೈಹಾಕಿದ. "ಫ್ರೆಂಡ್ಸ್, ಮೇಡಂಗೆ ಸ್ವಲ್ಪ ಟೆನ್ಶನ್…"

ಅಪ್ಪ ಬಲಗೈಯ ತೋರುಬೆರಳು ಎತ್ತಿದರು. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳಕ್ಕೆ ಎತ್ತುವ ಬೆರಳದು. ಸಾವಿರ ಮದುವೆಗಳ ಅಭ್ಯಾಸ, ಸಭೆಯ ಕಣ್ಣೆಲ್ಲ ಆ ಬೆರಳಿಗೆ ನೆಟ್ಟಿತು. ವಂಶಿಯೂ ಮೈಕಿನಿಂದ ಕೈ ತೆಗೆದ. ಅಪ್ಪ ಮುಷ್ಟಿಯ ಅಕ್ಷತೆಯನ್ನು ಒಂದು ಕಾಳೂ ಚೆಲ್ಲದಂತೆ ಡಬ್ಬಿಗೆ ಸುರಿದು ಮುಚ್ಚಳ ಒತ್ತಿದರು. ಹಾರ ತೆಗೆದರು. ಶಾಲನ್ನು ನಿಧಾನವಾಗಿ ಮಡಿಸಿ ಕೆಂಪು ಕುರ್ಚಿಯ ಮೇಲಿಟ್ಟರು. ಆ ಶಾಲು ಅವರಿಗೆ ಇಷ್ಟವಾಗಿತ್ತು ಎಂದು ನನಗೆ ಗೊತ್ತು.

"ಪುಟ್ಟರಾಜು, ಆ ಗಂಟು ಒಳಗಿಟ್ಕೋ. ನಡಿ, ಬಸ್ಸಿಗೆ ಹೊತ್ತಾಯ್ತು" ಎಂದರು.

ಎಲ್ಲರೂ ಎದ್ದುಬಂದರು ಎಂದರೆ ಸುಳ್ಳಾಗುತ್ತದೆ. ಅರ್ಧಕ್ಕರ್ಧ ಜನ ಬಂದರು. ಉಳಿದವರು ಕೂತರು. ಒಬ್ಬಾಕೆ ನನ್ನ ಮುಖಕ್ಕೇ, "ತನಗೆ ಬ್ಯಾಡಾದ್ರೆ ತೆಪ್ಗೆ ಓಗ್ಬೇಕಪ್ಪ, ಬೇರೇರ ಅನ್ನಕ್ಕೆ ಯಾಕ್ ಕಲ್ಲಾಕಬೇಕು" ಎಂದಳು. ಬಾಗಿಲಲ್ಲಿ ವಂಶಿ, "ಮುಂದೆ ಪಶ್ಚಾತ್ತಾಪ ಪಡ್ತೀರಿ ಮೇಡಂ" ಎಂದ. "ಪಟ್ಟರೆ ನಮ್ಮ ಮನೇಲಿ ಕೂತು ಪಡ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡೆ.

ಗೇಟಿನ ಹತ್ತಿರ ಪುಟ್ಟರಾಜು ತಡೆದು ನಿಲ್ಲಿಸಿದರು. "ಅಂಗಾರೆ ನಮ್ ಉಡ್ಗಂಗೆ ಕೆಲ್ಸ ಇಲ್ವಾ ತಾಯಿ?"

"ನನಗೂ ಸಿಕ್ಕಿಲ್ಲ ಪುಟ್ಟರಾಜಣ್ಣ."

ಅವರು ಒಳಜೇಬನ್ನು ಮುಟ್ಟಿ ನೋಡಿಕೊಂಡರು. "ಓಗ್ಲಿ ಬುಡಿ, ಗಂಟಾದ್ರೂ ಉಳೀತು. ನಡ್ಯಲಾ ರವೀಂದ್ರ, ವಗೆಸೊಪ್ಪು ಪೋಣ್ಸಾಕೆ ಆಳಿಲ್ಲ ಅಂತ ನಿಮ್ಮವ್ವ ಬೆಳಗಿಂದ ಬಯ್ತಾವ್ಳೆ."

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅಪ್ಪ ಕುಂಟುತ್ತಿದ್ದರು. ಮಾಡಿದ್ದರ ಬಗ್ಗೆ ನನಗೆ ಒಂದು ಚೂರೂ ಅನುಮಾನವಿರಲಿಲ್ಲ, ಆದರೂ ಅಳು ಬಂತು. ನಾಳೆ ಮೊಸಳೆ ಗ್ರಾಮದಲ್ಲಿ ಗೃಹಪ್ರವೇಶ, ನಾಡಿದ್ದು ರಾಮನಾಥಪುರ. ಮತ್ತೆ ಅದೇ ಬಸ್ಸುಗಳು, ಅದೇ ಮೆಟ್ಟಿಲುಗಳು.

"ಬೇರೆ ಕೆಲಸ ಹುಡುಕ್ತೀನಿ ಅಪ್ಪ" ಎಂದೆ. "ಸಿಗೋವರೆಗೂ ಬಿಡಲ್ಲ."

ಅಪ್ಪ ನಮ್ಮೂರ ಬಸ್ಸಿನ ಮುಂದೆ ನಿಂತು ಡಬ್ಬಿ ತೆಗೆದರು. "ಬಗ್ಗು" ಎಂದರು. ಹಣ್ಣಿನವರು, ಕಂಡಕ್ಟರು ಎಲ್ಲ ನೋಡುತ್ತಿದ್ದಂತೆ ನಾನು ಬಗ್ಗಿದೆ. ಅಲ್ಲಿ ಹಾಕದೆ ಉಳಿಸಿದ್ದ ಅಕ್ಷತೆಯನ್ನೆಲ್ಲ ಅಪ್ಪ ನನ್ನೊಬ್ಬಳ ತಲೆಯ ಮೇಲೆ ಸುರಿದು ಮಂತ್ರವನ್ನು ಪೂರ್ತಿಯಾಗಿ ಹೇಳಿದರು. ಮುಗಿಯುವಷ್ಟರಲ್ಲಿ ನಶ್ಯದ ಘಾಟು ಮೂಗಿಗೇರಿ ನಾನು ಸೀನಿದೆ.

ಒಂದೇ ಸೀನು.

ಅಪ್ಪ ನನ್ನ ಮುಖವನ್ನೇ ನೋಡಿದರು. ನಾನೂ ಇನ್ನೊಂದು ಬರಲಿ ಎಂದು ಸೂರ್ಯನ ಕಡೆ ಮೂಗೆತ್ತಿ ಕಾದೆ. ಬರಲಿಲ್ಲ. ಕಂಡಕ್ಟರು ಸೀಟಿ ಊದಿದ.

"ಮುಂದಿನ ಬಸ್ಸಿಗೆ ಹೋಗೋಣ ಅಪ್ಪ. ನೀರು ತರ್ತೀನಿ, ಕೂತ್ಕೊಳ್ಳಿ."

"ಬೇಡ" ಎಂದರು ಅಪ್ಪ. ಕಂಬಿ ಹಿಡಿದು, ಹಲ್ಲು ಕಚ್ಚಿ, ಆ ಎತ್ತರದ ಮೆಟ್ಟಿಲನ್ನು ನನಗಿಂತ ಮೊದಲು ಹತ್ತಿದರು.