ಹತ್ತಿರದ ಗಾಜು

"ಎಷ್ಟು ಹತ್ತಿರದಿಂದ ನೋಡ್ಬೇಕು ಸರ್?"

ಕ್ಯಾಮೆರಾ ಅಂಗಡಿಯವ ಎರಡು ಲೆನ್ಸುಗಳನ್ನು ಗಾಜಿನ ಮೇಜಿನ ಮೇಲೆ ನಿಲ್ಲಿಸಿ ಮತ್ತೆ ಅದನ್ನೇ ಕೇಳಿದ. ಕೊಳ್ಳಲು ಬಂದವನಿಗೆ ಆ ಪ್ರಶ್ನೆಯಲ್ಲಿ ಏನೋ ಕೊಂಕು ಕೇಳಿಸಿತು.

"ಹುಳಗಳಿಗೆ," ಎಂದ. "ಕಾಲೇಜಲ್ಲಿ ಕೀಟಶಾಸ್ತ್ರ ಪಾಠ ಮಾಡ್ತೀನಿ."

"ಹಾಗಾದ್ರೆ ಉದ್ದದ್ದೇ ತಗೊಳ್ಳಿ. ನೂರು ಎಂಎಂ. ದೂರ ನಿಂತ್ಕೊಂಡೇ ಹತ್ತಿರದಿಂದ ನೋಡ್ಬಹುದು. ಹುಳಕ್ಕೆ ಗೊತ್ತೇ ಆಗಲ್ಲ."

"ಈ ಗಿಡ್ಡದ್ದು?"

"ಅರವತ್ತು. ಅದಕ್ಕೆ ಮೂಗು ತಾಗೋಷ್ಟು ಹತ್ತಿರ ಹೋಗ್ಬೇಕು. ಅಷ್ಟರಲ್ಲಿ ಹುಳ ಹಾರಿಹೋಗಿರತ್ತೆ."

ಇದೆಲ್ಲ ಅವನಿಗೆ ಗೊತ್ತಿದ್ದದ್ದೇ. ವಿದ್ಯಾರ್ಥಿಗಳಿಗೆ ಅವನೇ ಹೇಳಿಕೊಟ್ಟ ಪಾಠ. ಆದರೆ ಅವನು ಬಂದದ್ದು ಬೇರೆ ಏನನ್ನೋ ತಿಳಿದುಕೊಳ್ಳಲು. ಅದಕ್ಕಾಗಿ ಏನೂ ಗೊತ್ತಿಲ್ಲದವನಂತೆ ನಿಲ್ಲಬೇಕಾಗಿತ್ತು.

"ಮನುಷ್ಯರ ಮುಖಕ್ಕೆ?" ಎಂದು ಹಗುರಾಗಿ ಕೇಳಿದ.

"ಅದಕ್ಕೂ ಫಸ್ಟ್ ಕ್ಲಾಸ್. ಆದ್ರೆ ಹತ್ತಿರದ್ದನ್ನ ಹಿಡಿಯೋ ಈ ಮ್ಯಾಕ್ರೊ ಲೆನ್ಸು ಮುಲಾಜು ನೋಡಲ್ಲ ಸರ್. ಒಂದೊಂದು ಸುಕ್ಕೂ ಬರತ್ತೆ. ಮನೇಲಿ ಬೈಸ್ಕೋಬೇಕಾಗತ್ತೆ." ಅಂಗಡಿಯವ ತನ್ನ ಮಾತಿಗೆ ತಾನೇ ನಕ್ಕ.

ಅವನು ಫೋನು ತೆಗೆದು, ಮೇಲಿದ್ದ ಹೆಸರಿಗೆ ಹೆಬ್ಬೆರಳು ಅಡ್ಡ ಇಟ್ಟು, ಒಂದು ಫೋಟೊ ತೋರಿಸಿದ. ಒಬ್ಬ ಹೆಂಗಸು ನಗುತ್ತಿದ್ದಳು.

"ಇದು ಯಾವ ಲೆನ್ಸಲ್ಲಿ ತೆಗೆದದ್ದು ಅಂತ ಹೇಳಕ್ಕಾಗತ್ತಾ?"

"ಯಾರು ಸರ್ ಇವರು?"

"ಯಾರೋ. ನೆಂಟರ ಪೈಕಿ."

ಅವಳು ಅವನ ಹೆಂಡತಿ.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಭಾವಮೈದುನ ಫೋನು ಮಾಡಿದ್ದ. "ಭಾವ, ಅಕ್ಕ ಫೋನಲ್ಲಿ ಎಂಥ ಫೋಟೊ ಹಾಕ್ಕೊಂಡಿದ್ದಾಳೆ ನೋಡಿದ್ರಾ? ಹೀಗೆ ನಗೋದನ್ನ ಮದುವೆ ಆದ್ಮೇಲೆ ನಾನಂತೂ ನೋಡಿಲ್ಲ. ಯಾರು ತೆಗೆದ್ರು?"

ಅವನು ಫೋಟೊ ನೋಡಿರಲೇ ಇಲ್ಲ. "ನಾನೇ," ಎಂದುಬಿಟ್ಟ. ಆಮೇಲೆ ಬಾಯಿ ಮುಕ್ಕಳಿಸಿದ.

ನೋಡಿದ ಮೇಲೆ ನೆಮ್ಮದಿ ಹೋಯಿತು. ಕಣ್ಣು ಸ್ಪಷ್ಟವಾಗಿತ್ತು, ಕಿವಿ ಆಗಲೇ ಮಸುಕು. ಅಂದರೆ ಇದು ಫೋನಿನಲ್ಲಿ ತೆಗೆದದ್ದಲ್ಲ. ತೆಗೆದವನು ಅವಳ ರೆಪ್ಪೆ ಎಣಿಸುವಷ್ಟು ಹತ್ತಿರ ನಿಂತಿದ್ದ. ಮನೆಯಲ್ಲಿದ್ದದ್ದು ಲೆನ್ಸಿಲ್ಲದ ಬರೀ ಕ್ಯಾಮೆರಾ. ಹುಳಗಳಿಗೆಂದು ತಂದಿದ್ದ ಕಾಲೇಜಿನ ಲೆನ್ಸನ್ನು ವಾಪಸ್ಸು ಕೊಟ್ಟು ವರ್ಷಗಳಾಗಿದ್ದವು. ಹಾಗಾದರೆ ಇದು ಬೇರೆ ಯಾರದೋ ಲೆನ್ಸು. ಅವಳು ಕರಡು ತಿದ್ದುವ ಪ್ರೆಸ್ಸಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಮೊದಮೊದಲು ಅವಳ ಮಾತಿನಲ್ಲಿ ಅವನ ಸುದ್ದಿ ಬರುತ್ತಿತ್ತು. ಈಚೆಗೆ ನಿಂತಿತ್ತು. ಸುದ್ದಿ ಬರುತ್ತಿದ್ದಾಗ ಇಲ್ಲದ ಅನುಮಾನ ಅದು ನಿಂತದ್ದಕ್ಕೆ ಬಂತು.

ಭಾವಮೈದುನ ತಲೆಗೆ ಹುಳ ಬಿಟ್ಟಿದ್ದ. ಕಂಡ ಹುಳವನ್ನೆಲ್ಲ ಹಿಡಿದು ಸೀಸೆಗೆ ಹಾಕಿ ಹೆಸರು ಬರೆದು ಅಂಟಿಸುವ ಮನುಷ್ಯನಿಗೆ ಈ ಒಂದನ್ನು ಹಿಡಿಯುವುದು ಹೇಗೆಂದು ತಿಳಿಯಲಿಲ್ಲ.

"ಇದು ನೂರೇ ಸರ್," ಎಂದ ಅಂಗಡಿಯವ. "ಕಣ್ಣುಮುಚ್ಕೊಂಡು ಹೇಳ್ತೀನಿ."

"ನಾನು ಅರವತ್ತು ಅಂದ್ಕೊಂಡಿದ್ದೆ."

"ಅರವತ್ತೂ ಇರ್ಬಹುದು. ಹೌದು, ಅರವತ್ತೇ. ಕಿವಿ ನೋಡಿ, ಹೇಗೆ ಕರಗಿಹೋಗಿದೆ."

ಇಂಥ ಸಾಕ್ಷಿಯನ್ನು ಕಟ್ಟಿಕೊಂಡು ಏನು ಮಾಡುವುದು? ತನ್ನ ಕೈ ಯಾವ ಲೆನ್ಸಿನತ್ತ ಹೋಗುತ್ತದೋ ಫೋಟೊ ಅದರಲ್ಲೇ ತೆಗೆದದ್ದಾಗುತ್ತಿತ್ತು.

"ಎಷ್ಟು ದೂರ ನಿಂತಿರ್ಬಹುದು?"

"ಯಾರು?"

"ತೆಗೆದವನು."

"ತೆಗೆದವನು ಅಂತ ಯಾಕೆ ಸರ್? ಹೆಂಗಸೂ ಇರ್ಬಹುದಲ್ಲ."

ಇದು ಅವನಿಗೆ ಹೊಳೆದೇ ಇರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಈ ಅಂಗಡಿಯವನೂ ಯಾರ ಪರವಾಗಿಯೋ ಮಾತಾಡುತ್ತಿದ್ದಾನೆ ಅನ್ನಿಸಿತು.

"ಯಾರೇ ಆಗ್ಲಿ, ಅವರಿಗೆ ಬೇಕಾದವರೇ," ಎಂದ ಅಂಗಡಿಯವ ಫೋನು ಹಿಂದಿರುಗಿಸುತ್ತ. "ಬೇಡದವರನ್ನ ಇಷ್ಟು ಹತ್ತಿರ ಯಾರು ಬಿಟ್ಕೊಳ್ತಾರೆ? ಯಾವುದು ಪ್ಯಾಕ್ ಮಾಡ್ಲಿ?"

"ಗಿಡ್ಡದ್ದು."

"ಹುಳ ಹಾರಿಹೋಗತ್ತೆ ಸರ್."

"ಹೋಗ್ಲಿ."

ಹೊರಗೆ ಚಳಿ ಬಿದ್ದಿತ್ತು. ಮನೆಗೆ ನೇರ ದಾರಿಯಿದ್ದರೂ ಅವನು ಪ್ರೆಸ್ಸಿನ ಬೀದಿ ಹಿಡಿದ. ಗೇಟಿನ ಹತ್ತಿರ ಹೆಗಲಿಗೆ ಕ್ಯಾಮೆರಾ ಚೀಲ ಹಾಕಿಕೊಂಡ ಒಬ್ಬ ಮನುಷ್ಯ ಕರವಸ್ತ್ರ ಅಡ್ಡ ಹಿಡಿದು ಸೀನುತ್ತಿದ್ದ. ತಲೆ ಬೋಳು, ಸ್ವೆಟರಿನ ಮೊಣಕೈ ತೂತು. ಇವನೇ? ಇಷ್ಟು ಸಾಧಾರಣವಾಗಿ ಕಾಣಿಸುವುದರಲ್ಲೂ ಏನೋ ಹಂಚಿಕೆ ಇದ್ದಂತಿತ್ತು.

"ಮೇಡಂ ಆಗ್ಲೇ ಹೊರಟ್ರು ಸರ್," ಎಂದ ಫೋಟೋಗ್ರಾಫರ್.

"ನನ್ನ ಗುರುತು ಹೇಗೆ?"

"ಹುಳದ ಮೇಷ್ಟ್ರಲ್ವಾ? ಮೇಡಂ ಹೇಳ್ತಿರ್ತಾರೆ."

"ಏನಂತ?"

"ಒಳ್ಳೇದೇ ಹೇಳ್ತಾರೆ, ಬಿಡಿ."

ಆ 'ಬಿಡಿ'ಯನ್ನು ಅವನು ಮನೆಯ ತನಕ ಹೊತ್ತುಕೊಂಡು ನಡೆದ. ಒಳ್ಳೆಯದನ್ನು ಹೇಳಿದ್ದರೆ ಬಿಡುವುದೇನಿತ್ತು?

ಹೆಂಡತಿ ಊಟದ ಮೇಜಿನ ಮೇಲೆ ಕರಡು ಹರಡಿಕೊಂಡು ಕೂತಿದ್ದಳು. ಕೈಯಲ್ಲಿ ಕೆಂಪು ಪೆನ್ನು. ಅವನು ಡಬ್ಬಿಯನ್ನು ಹಾಳೆಗಳ ಪಕ್ಕದಲ್ಲಿಟ್ಟ.

"ಏನಿದು?"

"ಲೆನ್ಸು."

"ಹುಳಕ್ಕಾ?"

"ಮುಖಕ್ಕೂ ಆಗತ್ತಂತೆ."

ಅವಳು ಒಂದು ಅಕ್ಷರಕ್ಕೆ ಸುತ್ತು ಹಾಕಿದಳು. ಅವನು ಅಂಗಿಯ ತೋಳು ಮಡಿಸಿದ, ಬಿಡಿಸಿದ.

"ನಿನ್ನ ಹೊಸ ಫೋಟೊ ನೋಡಿದೆ."

"ಹೊಸದಲ್ಲ ಅದು. ಹಳೇದು."

"ಯಾರು ತೆಗೆದದ್ದು?"

ಅವಳು ತಲೆಯೆತ್ತಿದಳು. ವಾಕ್ಯದಲ್ಲಿ ತಪ್ಪೆಲ್ಲಿದೆ ಎಂದು ಹುಡುಕುವಾಗ ನೋಡುವಂತೆ ಅವನನ್ನು ನೋಡಿದಳು.

"ನೀವೇ ಅಲ್ವಾ? ತಮ್ಮನ ಹತ್ರ ಹಾಗೇ ಹೇಳಿದ್ರಂತಲ್ಲ."

ಅಕ್ಕತಮ್ಮ ಮಾತಾಡಿಕೊಳ್ಳುತ್ತಾರೆ ಎಂಬುದು ಹೇಗೆ ಹೊಳೆಯಲಿಲ್ಲ? ಬೆಳಿಗ್ಗೆ ತಾನಾಡಿದ ಸುಳ್ಳನ್ನು ಈಗ ಅವಳೇ ತನ್ನ ಉತ್ತರ ಮಾಡಿಕೊಂಡಿದ್ದಳು.

"ಕೆರೆ ದಂಡೇಲಿ," ಎಂದಳು. "ಆ ಹಸಿರು ದುಂಬಿ ಸಿಕ್ತಲ್ಲ, ಆ ದಿನ."

ದುಂಬಿ ಅವನಿಗೆ ಚೆನ್ನಾಗಿ ನೆನಪಿತ್ತು. ರೆಕ್ಕೆಯ ಚಿಪ್ಪಿನ ಮೇಲೆ ಕಂಚಿನ ಛಾಯೆ, ಹಿಂಗಾಲಿನಲ್ಲಿ ಸಣ್ಣ ಮುಳ್ಳು, ಎಡ ಮೀಸೆಯ ತುದಿ ಮುರಿದದ್ದು. ಕೂತಿದ್ದ ಎಲೆಯೂ ನೆನಪಿತ್ತು. ಆ ಎಲೆಯ ಆಚೆ ಒಬ್ಬಳು ನಗುತ್ತ ನಿಂತಿದ್ದಳೇ? ಎಷ್ಟು ತಡಕಿದರೂ ಅಲ್ಲಿ ಯಾರೂ ಇರಲಿಲ್ಲ.

ಅವಳು ನಿಜ ಹೇಳುತ್ತಿರಬಹುದು. ಅವನ ಸುಳ್ಳನ್ನು ಮುಚ್ಚಿಡುತ್ತಿರಬಹುದು. ಅಥವಾ ಅದರ ಹಿಂದೆ ತನ್ನದನ್ನು ಮುಚ್ಚಿಟ್ಟುಕೊಳ್ಳುತ್ತಿರಬಹುದು. ಕೇಳಬೇಕೆಂದರೆ ಮೊದಲು, ನಾನು ತೆಗೆದದ್ದಲ್ಲ, ತಮ್ಮನಿಗೆ ಸುಳ್ಳು ಹೇಳಿದೆ ಎಂದು ಬಾಯಿಬಿಡಬೇಕು. ಆಮೇಲೆ ಅದು ನಿಜವಾಗಿಯೂ ತಾನೇ ತೆಗೆದದ್ದಾಗಿದ್ದರೆ? ಹೆಂಡತಿ ನನ್ನನ್ನು ನೋಡಿ ಹಾಗೆ ನಕ್ಕಿದ್ದಳು, ನನಗೆ ಹುಳ ಮಾತ್ರ ನೆನಪಿದೆ ಎಂದು ಒಪ್ಪಿಕೊಳ್ಳಬೇಕು. ಅದಕ್ಕಿಂತ ಆ ಬೋಳುತಲೆಯವನೇ ವಾಸಿ ಅನ್ನಿಸಿ ಅವನಿಗೆ ಭಯವಾಯಿತು.

"ಹೌದೌದು," ಎಂದ. "ಆ ದಿನ."

"ನೆನಪಿದೆಯಾ?"

"ಇಲ್ದೆ ಏನು."

ಅವಳು ನೋಡುತ್ತಲೇ ಇದ್ದಳು.

"ಆಗ ಯಾಕೆ ಹಾಗೆ ನಗ್ತಿದ್ದೆ?" ಎಂದು ಕೇಳಿದ.

"ಅದನ್ನೂ ನೀವೇ ಹೇಳ್ಬೇಕು."

ಪೆನ್ನು ಮತ್ತೆ ಹಾಳೆಗೆ ಇಳಿಯಿತು. ಅವನು ಕ್ಯಾಮೆರಾ ತಂದು ಹೊಸ ಲೆನ್ಸು ಸಿಕ್ಕಿಸಿದ. ಚಳಿಯಲ್ಲಿ ಹೊತ್ತು ತಂದ ಗಾಜು ಕೈಗೆ ತಣ್ಣಗೆ ಹತ್ತಿತು.

"ಒಂದು ತೆಗೀತೀನಿ. ಈ ಕಡೆ ತಿರುಗು."

"ಈಗ್ಲಾ? ತಲೆ ಬಾಚಿಲ್ಲ."

"ಪರವಾಗಿಲ್ಲ."

ಕುರ್ಚಿಯನ್ನು ದೀಪದ ಕಡೆಗೆ ಎಳೆದುಕೊಂಡು ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನಗು."

ಅವಳು ತುಟಿ ಅಗಲಿಸಿದಳು. ಅದಲ್ಲ. ಅವನು ಹತ್ತಿರ ಹೋದ. ಹುಬ್ಬು ಸಿಕ್ಕಿದರೆ ರೆಪ್ಪೆ ತಪ್ಪುತ್ತಿತ್ತು, ರೆಪ್ಪೆ ಸಿಕ್ಕಿದರೆ ಕಣ್ಣು ಮಸುಕಾಗುತ್ತಿತ್ತು. ಅವನು ಒಂದು ಕೂದಲೆಳೆಯಷ್ಟು ಹಿಂದೆ ಬಾಗಿದರೆ ಸಾಕು, ಎಲ್ಲವೂ ಕೈತಪ್ಪುತ್ತಿತ್ತು. ಇನ್ನೂ ಹತ್ತಿರ ಹೋದ. ಮುಖ ಚೌಕಟ್ಟು ಮೀರಿ ಬೆಳೆಯಿತು. ಅವಳು ಉಸಿರು ಬಿಟ್ಟಳು, ಗಾಜಿನ ಮೇಲೆ ಹಬೆ ಕೂತು ಎಲ್ಲ ಬೆಳ್ಳಗಾಯಿತು.

"ಸ್ವಲ್ಪ ಉಸಿರು ಬಿಗಿ ಹಿಡಿ," ಎಂದ, ಕಣ್ಣು ತೆಗೆಯದೆ.

"ಎಷ್ಟು ಹೊತ್ತು?"

"ಕಾಣೋವರೆಗೆ."

ಅವಳು ಬಾಯಿ ಮುಚ್ಚಿದಳು. ಬಿಳುಪು ಅಂಚಿನಿಂದ ನಿಧಾನವಾಗಿ ಕರಗತೊಡಗಿತು. ಮೊದಲು ಒಂದು ರೆಪ್ಪೆ, ಆಮೇಲೆ ಸಾಲಾಗಿ ಉಳಿದವು, ಆಮೇಲೆ ಕಣ್ಣು. ಅಷ್ಟು ಸ್ಪಷ್ಟವಾಗಿ ಅವನು ಅವಳನ್ನು ಎಂದೂ ನೋಡಿರಲಿಲ್ಲ. ಕಣ್ಣಿನ ಕೆಳಗೆ ಒಂದು ಸಣ್ಣ ನರ ಹೊಡೆದುಕೊಳ್ಳುತ್ತಿತ್ತು. ಅವಳು ಇನ್ನೂ ಉಸಿರು ಬಿಟ್ಟಿರಲಿಲ್ಲ. ಅವನ ಬೆರಳು ಗುಂಡಿಯ ಮೇಲಿತ್ತು. ಅವನು ಒತ್ತಲಿಲ್ಲ, ಇನ್ನೂ ಒಂಚೂರು ಸ್ಪಷ್ಟವಾಗಲಿ ಎಂದು ಕಾಯುತ್ತ ನಿಂತ.