ಹಿಂದಿ ದಿವಸದ ಗುಂಡಿ

"ಇಳಿಯೋ ಬೋಳಿಮಗನೆ! ಮುಖ್ಯ ಅತಿಥಿಗಳು ಮೂಗು ಮುಚ್ಕೊಂಡು ಭಾಷಣ ಮಾಡ್ಬೇಕೇನೋ?"

ಕಚೇರಿಯ ಹಿಂಬದಿಯ ಪಾಯಿಖಾನೆ ಗುಂಡಿಯಿಂದ ಮಾರು ದೂರ ನಿಂತು, ರೇಷ್ಮೆ ಜುಬ್ಬದ ತೋಳನ್ನು ಮೂಗಿಗೆ ಒತ್ತಿಕೊಂಡು ದೀಕ್ಷಿತರು ಬೈಯುತ್ತಿದ್ದರು. ಬುಂದೇಲಖಂಡದ ಬಾಂದಾ ಊರಿನ ಆ ಸರ್ಕಾರಿ ಕಚೇರಿಗೆ ಅವರು ಹಿಂದಿ ಅಧಿಕಾರಿ. ವರ್ಷವೆಲ್ಲ ಅವರನ್ನು ಕೇಳುವವರಿಲ್ಲ. ಹಿಂದಿ ದಿವಸದಂದು ಮಾತ್ರ ಸಾಹೇಬರೂ ಅವರಿಗೆ ಕೈ ಮುಗಿಯುತ್ತಾರೆ. ಅಂಥ ದಿನವೇ ಗುಂಡಿ ಕಟ್ಟಿಕೊಂಡು, ಗಲೀಜು ಸಭಾಂಗಣದ ಮೆಟ್ಟಿಲವರೆಗೆ ಹರಿದಿತ್ತು.

ಪರ್ಸಾದಿ ಅಂಗಿ ಕಳಚಿ ಹೆಂಡತಿ ಗೇಂದಾಳ ಕೈಗೆ ಕೊಟ್ಟ. ಇಬ್ಬರೂ ಅಲ್ಲಿ ಕಸ, ಪಾಯಿಖಾನೆ ಬಳಿಯುವ ದಿನಗೂಲಿಯ ಝಾಡಮಾಲಿಗಳು.

"ಸಾಹೇಬ್ರ, ಮುಚ್ಚಳ ಈಗ ತೆಗದೀವ್ರಿ. ಸ್ವಲ್ಪ ಹೊತ್ತು ಗಾಳಿ ಆಡ್ಲಿ. ಒಳಗ ವಿಷ ಇರ್ತೈತಿ."

"ನಿಮ್ಮಪ್ಪ, ನಿಮ್ಮಜ್ಜ ಎಲ್ಲ ಇದರಲ್ಲೇ ಬಾಳಿದೋರು. ನಿನಗೆ ಮಾತ್ರ ವಿಷ ಏರುತ್ತೇನೋ? ಇಳಿ, ಇಲ್ಲ ನಾಳೆಯಿಂದ ಇಬ್ರೂ ಈ ಕಡೆ ತಲೆ ಹಾಕ್ಬೇಡಿ."

ದೀಕ್ಷಿತರು ಒಳಗೆ ಹೋದರು. ಗೇಂದಾ ಗಂಡನ ರಟ್ಟೆ ಹಿಡಿದಳು.

"ಬ್ಯಾಡ. ಕೆಲಸ ಹೋದ್ರ ಹಾಳಾಗಿ ಹೋಗ್ಲಿ."

"ಆಮ್ಯಾಲೆ ಹೊಟ್ಟಿಗೆ ನಿಮ್ಮಪ್ಪ ಹಾಕ್ತಾನೇನ? ಹಗ್ಗ ಗಟ್ಟಿ ಹಿಡ್ಕೊ," ಎಂದು ನಗುತ್ತ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಪರ್ಸಾದಿ ಇಳಿದ.

ಕಿಟಕಿಯ ಮೇಲಿನ ಧ್ವನಿವರ್ಧಕದಲ್ಲಿ ಮುಖ್ಯ ಅತಿಥಿ ಶುರುಮಾಡಿದರು. ನಿವೃತ್ತ ಪ್ರೊಫೆಸರು, ಕಿವಿ ಮಂದ, ದನಿ ಮಾತ್ರ ಗುಡುಗು. "ನಲವತ್ತೊಂಬತ್ತರ ಇದೇ ಸೆಪ್ಟೆಂಬರ್ ಹದಿನಾಲ್ಕರಂದು ಸಂವಿಧಾನ ಸಭೆ ಹಿಂದಿಗೆ ರಾಜಭಾಷೆಯ ಪಟ್ಟ ಕಟ್ಟಿತು. ಅದಕ್ಕೇ ಈ ದಿನ! ಹಿಂದಿ ನಮ್ಮ ತಾಯಿ. ತಾಯಿಗೆ ಮಕ್ಕಳಲ್ಲಿ ಮೇಲು ಕೀಳಿಲ್ಲ!"

ಚಪ್ಪಾಳೆ ಸುರಿಯಿತು. ಪರ್ಸಾದಿ ಕೂಗಿದನೋ ಇಲ್ಲವೋ ಗೇಂದಾಳಿಗೆ ಕೇಳಲಿಲ್ಲ. ಹಗ್ಗ ಮಾತ್ರ ಒಮ್ಮೆ ಜಗ್ಗಿ ಭಾರವಾಯಿತು. ಅವಳು ಕರೆದಳು, ಎಳೆದಳು, ಹಲ್ಲು ಕಚ್ಚಿ ಎಳೆದಳು. ಒಬ್ಬಳ ಕೈಗೆ ಅದು ಬರುವ ಭಾರವಲ್ಲ. ಹಗ್ಗದ ತುದಿಯನ್ನು ಬೇವಿನ ಮರಕ್ಕೆ ಸುತ್ತಿ ಸಭಾಂಗಣಕ್ಕೆ ಓಡಿದಳು.

ಬಾಗಿಲಲ್ಲಿ ದೀಕ್ಷಿತರು ಅಡ್ಡ ನಿಂತರು. "ಎಲ್ಲಿ ನುಗ್ತೀಯೇ? ಒಳಗೆ ಸರಸ್ವತಿ ಮುಂದೆ ದೀಪ ಉರೀತಿದೆ!"

"ಯಪ್ಪಾ, ಒಳಗ ಬಿದ್ದಾನ್ರಿ! ಸಾಯ್ತಾನ್ರಿ!"

"ಒಳ್ಳೆ ದಿನ ಸಾವಿನ ಮಾತಾಡ್ತೀಯಲ್ಲ, ನಿನ್ನ ಬಾಯಿಗೆ ಹುಳ ಬೀಳ! ಭಾಷಣ ಮುಗೀಲಿ, ತಡಿ."

ವೇದಿಕೆಯಿಂದ ಪ್ರೊಫೆಸರರಿಗೆ ಅವಳು ಕೈ ಬೀಸುವುದಷ್ಟೇ ಕಂಡಿತು. "ತಡೀಬೇಡಿ ದೀಕ್ಷಿತ್‌ಜೀ! ಬುಂದೇಲಖಂಡದ ಹೆಣ್ಣುಮಗಳು, ನಿಜವಾದ ಹಿಂದಿ ಇರೋದು ಇವರ ಬಾಯಲ್ಲಿ. ಬಾ ತಾಯಿ, ನಾಲ್ಕು ಮಾತಾಡು!" ಎಂದು ಮೈಕನ್ನು ಅವಳತ್ತ ಬಾಗಿಸಿದರು.

ಗೇಂದಾ ವೇದಿಕೆಗೆ ಹಾರಿದಳು. "ಗುಂಡಿಯೊಳಗ ನನ್ ಗಂಡ ಬಿದ್ದಾನ. ಒಬ್ಬಾಕಿಗೆ ಎಳಿಯಾಕ ಆಗವಲ್ದು. ಯಾರರ ಬರ್ರಿ. ನೀವು ಇಳೀಬ್ಯಾಡ್ರಿ, ಅವನ್ನ ಮುಟ್ಟಬ್ಯಾಡ್ರಿ, ಹಗ್ಗ ಅಷ್ಟ ಹಿಡೀರಿ!"

ಧ್ವನಿವರ್ಧಕ ಪ್ರತಿ ಮಾತನ್ನೂ ಸಭೆಯ ಮೂಲೆ ಮೂಲೆಗೆ ಮುಟ್ಟಿಸಿತು. ಪ್ರೊಫೆಸರರೊಬ್ಬರೇ "ವಾಹ್!" ಎಂದು ಚಪ್ಪಾಳೆ ತಟ್ಟಿದರು. ಬೇರೆ ಯಾರೂ ತಟ್ಟಲಿಲ್ಲ, ಯಾರೂ ಏಳಲೂ ಇಲ್ಲ. ಒಬ್ಬ ತನ್ನ ಇಸ್ತ್ರಿಯ ಜುಬ್ಬ ನೋಡಿಕೊಂಡ. "ಮುನಿಸಿಪಾಲಿಟಿಗೆ ಫೋನ್ ಮಾಡಿ," ಎಂದಳು ಒಬ್ಬಾಕೆ. "ಇವರ ಜನ ಹೊರಗೆ ಯಾರಾದ್ರೂ ಇದ್ದಾರೇನೋ ನೋಡಿ," ಎಂದ ಇನ್ನೊಬ್ಬ. ಕುಳಿತಲ್ಲೇ ಕುಳಿತು ಎಲ್ಲರೂ ಸಲಹೆ ಕೊಟ್ಟರು, ಹಾಳಾದವರು.

ಚಹಾ ಹಂಚುತ್ತಿದ್ದ ಜವಾನ ಭಗೀರಥ ಟ್ರೇಯನ್ನು ಸಾಹೇಬರ ತೊಡೆಯ ಮೇಲೇ ಇಟ್ಟು ಓಡಿದ.

ಇಬ್ಬರೂ ಎಳೆದರು. ಪರ್ಸಾದಿ ಮೇಲೆ ಬಂದ. ಕಣ್ಣು ತೆರೆದಿತ್ತು, ಬಾಯಿ ತುಂಬ ಕಚೇರಿಯವರ ಹೇಲು. ಭಗೀರಥ ಬೆರಳು ಹಾಕಿ ಅದನ್ನು ತೆಗೆದ, ಎದೆ ಒತ್ತಿದ, ಮತ್ತೆ ಒತ್ತಿದ.

"ವೈನಿ, ಹೋಗಿಬಿಟ್ಟಾನ," ಎಂದು ಅತ್ತ.

ಗೇಂದಾ ಸೆರಗಿನಿಂದ ಗಂಡನ ಮುಖ ಒರೆಸಿದಳು. ಭಗೀರಥನತ್ತ ತಿರುಗಿ, "ಕಾಲ್ ಹಿಡಿಯೋ ತಮ್ಮಾ," ಎಂದಳು.

ರಂಗೋಲಿ ತುಳಿದು, ತೊಟ್ಟಿಕ್ಕುವ ಹೆಣವನ್ನು ತಂದು ವೇದಿಕೆಯ ಮೇಲೆ, ಸರಸ್ವತಿಯ ಪಟದ ಮುಂದೆ ಮಲಗಿಸಿದರು. ಕುರ್ಚಿಗಳು ಮಗುಚಿದವು. ಏಳಲಾರದ ಜನ ಈಗ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ಓಡಿದರು. ಗೇಂದಾ ಮೈಕು ಕಿತ್ತುಕೊಂಡಳು.

"ಮೈಕ್ ಆಫ್ ಮಾಡ್ರೋ! ಆ ರಂಡೆ ಬಾಯಿ ಮುಚ್ಚಿಸ್ರೋ!" ದೀಕ್ಷಿತರು ಬಾಗಿಲಾಚೆಯಿಂದ ಕಿರುಚಿದರು. ಮೈಕಿನ ಗುಂಡಿ ಇದ್ದದ್ದು ವೇದಿಕೆಯ ಹಿಂದಿನ ಗೋಡೆಯಲ್ಲಿ. ಅಲ್ಲಿಗೆ ಹೋಗಬೇಕೆಂದರೆ ಪರ್ಸಾದಿಯನ್ನು ದಾಟಬೇಕು. ಯಾರೂ ಹೋಗಲಿಲ್ಲ.

"ಓಡಬ್ಯಾಡ್ರೋ ಭಾಡ್ಯಾಗೋಳ್ರಾ!" ಗೇಂದಾಳ ದನಿ ಗೇಟು ದಾಟಿ ಬಜಾರಿಗೆ ಹೋಯಿತು. "ನಾ ಆಡಿದ ಮಾತು ತಿಳೀಲಿಲ್ಲಂತ ಒಬ್ಬನರ ಬಂದು ಹೇಳ್ರಿ. ಇವನ ಮಾರಿ ನೋಡಿ ಹೇಳ್ರಿ."

ಬಜಾರಿನಲ್ಲಿ ಹೋಗುತ್ತಿದ್ದವರು ನಿಂತರು. ಕುರ್ಚಿಯಲ್ಲೇ ಉಳಿದ ಪ್ರೊಫೆಸರು ಕಿವಿಗೆ ಕೈ ಹಚ್ಚಿ, "ಏನಂದಳು? ಏನಂದಳು?" ಎಂದು ಖಾಲಿ ಸಭೆಯನ್ನು ಕೇಳುತ್ತಿದ್ದರು.